ಎಕ್ಸ್‌ಎಸ್‌ಎಲ್‌ಟಿ ವೇರಿಯಬಲ್‌ಗೆ ‘ಆಸ್’ ಬರೆಯಿರಿ, ಇಲ್ಲದಿದ್ದರೆ ಒಳಗೊಂದು ಡಾಕ್ಯುಮೆಂಟ್ ನೋಡ್ ಬಂದು ಕೂರುತ್ತದೆ

ಎಕ್ಸ್‌ಎಂಎಲ್ ಫೈಲ್‌ಗಳನ್ನು ಬೇರೆ ರೂಪಕ್ಕೆ ಬದಲಿಸುವ ಭಾಷೆ ಎಕ್ಸ್‌ಎಸ್‌ಎಲ್‌ಟಿ, ಅದರಲ್ಲಿ ವೇರಿಯಬಲ್‌ನ ಟೈಪ್ ಹೇಳುವ ಆಟ್ರಿಬ್ಯೂಟ್ ‘ಆಸ್’ (as). ಅದರ ಸ್ಟೈಲ್‌ಶೀಟ್‌ನಲ್ಲಿ (ಅಂದರೆ ಪ್ರೋಗ್ರಾಂನಲ್ಲಿ) ಒಂದು ವೇರಿಯಬಲ್ ಮಾಡಿ, ‘ಊರುಗಳು’ ಅಂತ ಹೆಸರಿಡಿ. ‘ಸೆಲೆಕ್ಟ್’ ಆಟ್ರಿಬ್ಯೂಟ್ ಬೇಡ, ಒಳಗೇ ಹೀಗೆ ಬರೆಯಿರಿ (ಎಲಿಮೆಂಟ್ ಹೆಸರು ಕನ್ನಡದಲ್ಲಿದ್ದರೂ ಎಕ್ಸ್‌ಎಂಎಲ್ ಒಪ್ಪುತ್ತದೆ):

<ಊರು>ಶಿರಸಿ</ಊರು>
<ಊರು>ಕುಮಟಾ</ಊರು>
<ಊರು>ಸಾಗರ</ಊರು>

ಈಗ $ಊರುಗಳು ಎಷ್ಟಿವೆ ಅಂತ ಕೌಂಟ್ ಮಾಡಿದರೆ 3 ಬರಬೇಕು ಅಲ್ವಾ? ಬರುವುದು 1. ನೀವು ಟೈಪ್ ಹೇಳಿಲ್ಲ, ಹಾಗಾಗಿ ಪ್ರೊಸೆಸರ್ (ಸ್ಟೈಲ್‌ಶೀಟ್ ಓಡಿಸುವ ಸಾಫ್ಟ್‌ವೇರ್) ತಾನೇ ಒಂದು ಡಾಕ್ಯುಮೆಂಟ್ ನೋಡ್ (ಎಕ್ಸ್‌ಎಂಎಲ್ ಟ್ರೀಯ ಎಲ್ಲಕ್ಕಿಂತ ಮೇಲಿನ ನೋಡ್) ಮಾಡಿ ಮೂರೂ ಊರನ್ನು ಅದರ ಕೆಳಗೆ ಇಟ್ಟಿದೆ. ವೇರಿಯಬಲ್‌ನಲ್ಲಿ ಇರುವುದು ಆ ಒಂದು ನೋಡ್ ಮಾತ್ರ. 1999ರ 1.0 ಆವೃತ್ತಿಯಲ್ಲಿ ಇದೇ ‘ರಿಸಲ್ಟ್ ಟ್ರೀ ಫ್ರಾಗ್ಮೆಂಟ್’ ಆಗಿತ್ತು. 2007ರಲ್ಲಿ 2.0 ಬಂದಾಗ ‘ಆಸ್’ ಆಟ್ರಿಬ್ಯೂಟ್ ಸೇರಿತು, ಆದರೆ ಅದನ್ನು ಬರೆಯದಿದ್ದರೆ ಹಳೆಯ ದಾರಿಯೇ.

ಅದೇ ವೇರಿಯಬಲ್‌ಗೆ ‘ಆಸ್’ನಲ್ಲಿ ಎಲಿಮೆಂಟ್()* (ಎಷ್ಟಾದರೂ ಎಲಿಮೆಂಟ್‌ಗಳು ಅಂತ ಅರ್ಥ) ಅಂತ ಕೊಡಿ. ಈಗ ಕೌಂಟ್ 3. ಆದರೆ ಇಲ್ಲೇ ತುಂಬಾ ಜನ ಎಡವುತ್ತಾರೆ: ಮೊದಲು ಸರಿಯಾಗಿ ಓಡುತ್ತಿದ್ದ $ಊರುಗಳು/ಊರು ಅನ್ನುವ ಪಾತ್ (ನೋಡ್ ಹುಡುಕುವ ದಾರಿ) ಈಗ ಖಾಲಿ ಬರುತ್ತದೆ, ಯಾಕಂದ್ರೆ ಮೇಲಿದ್ದ ಡಾಕ್ಯುಮೆಂಟ್ ನೋಡ್ ಹೋಯಿತು, ಈ ಪಾತ್ ಊರಿನ ಒಳಗೆ ಇನ್ನೊಂದು ಊರನ್ನು ಹುಡುಕುತ್ತದೆ. ಎರರ್ ಕೂಡ ಬರುವುದಿಲ್ಲ, ಸುಮ್ನೆ ಖಾಲಿ. ಹಾಗಾಗಿ ‘ಆಸ್’ ಸೇರಿಸಿದ ದಿನವೇ ಆ ವೇರಿಯಬಲ್ ಬಳಸಿದ ಪಾತ್‌ಗಳನ್ನೆಲ್ಲ ಹುಡುಕಿ, ಬರೀ $ಊರುಗಳು ಅಂತ ತಿದ್ದಿ.

ನನ್ನ ಅರ್ಧ ದಿನ ತಿಂದದ್ದು ಬೂಲಿಯನ್ (ಟ್ರೂ ಅಥವಾ ಫಾಲ್ಸ್ ಬೆಲೆ). ವೇರಿಯಬಲ್ ಒಳಗೆ ಲೆಕ್ಕ ಹಾಕಿ ಫಾಲ್ಸ್ ಕೊಟ್ಟಿದ್ದೆ, ಆದರೂ ‘ಇಫ್’ ಪ್ರತಿ ಸಲ ಒಳಗೆ ಹೋಗುತ್ತಿತ್ತು. ಟೈಪ್ ಇಲ್ಲದ ಕಾರಣ ಅಲ್ಲಿದ್ದದ್ದು ‘ಫಾಲ್ಸ್’ ಅನ್ನುವ ಅಕ್ಷರಗಳಿದ್ದ ಡಾಕ್ಯುಮೆಂಟ್ ನೋಡ್, ನೋಡ್ ಒಂದು ಇದ್ದರೆ ಸಾಕು, ಟೆಸ್ಟ್ ಅದನ್ನು ಟ್ರೂ ಅಂತಲೇ ಓದುತ್ತದೆ. ‘ಆಸ್’ನಲ್ಲಿ ಎಕ್ಸ್‌ಎಸ್:ಬೂಲಿಯನ್ ಅಂತ ಬರೆದ ಮೇಲೆ ಸರಿಹೋಯಿತು.

ಇನ್ನೊಂದು ಮುಖ್ಯ ವಿಷಯ, ‘ಆಸ್’ ಇಲ್ಲದಿದ್ದರೆ ಇನ್‌ಪುಟ್‌ನಿಂದ ತಂದ ನೋಡ್‌ಗಳು ಕಾಪಿ ಆಗುತ್ತವೆ, ಅಲ್ಲಿಂದ ಪೇರೆಂಟ್ ಕಡೆ ಹತ್ತಿದರೆ ಮೂಲ ಫೈಲ್ ಸಿಗುವುದಿಲ್ಲ. ‘ಆಸ್’ ಜೊತೆ ‘ಸೀಕ್ವೆನ್ಸ್’ ಇನ್‌ಸ್ಟ್ರಕ್ಷನ್ ಬಳಸಿದರೆ ಮೂಲ ನೋಡ್‌ಗಳೇ ಸಿಗುತ್ತವೆ. ಆಟ್ರಿಬ್ಯೂಟ್‌ಗಳನ್ನು ಕೂಡಿಸಿಡಲು ಹೊರಟರಂತೂ ‘ಆಸ್’ ಬೇಕೇ ಬೇಕು, ಡಾಕ್ಯುಮೆಂಟ್ ನೋಡ್ ಕೆಳಗೆ ಆಟ್ರಿಬ್ಯೂಟ್ ನೇರವಾಗಿ ಕೂರುವುದಿಲ್ಲ, ಎರರ್ ಬರುತ್ತದೆ.

ಡಾಕ್ಯುಮೆಂಟ್ ನೋಡ್ ನಿಜವಾಗಿ ಬೇಕಾಗುವ ಜಾಗವೂ ಇದೆ. ಇಂಡೆಕ್ಸ್ ಬಳಸಿ ನೋಡ್ ಹುಡುಕುವ ‘ಕೀ’ ಫಂಕ್ಷನ್‌ಗೆ ಮೂರನೇ ಆರ್ಗ್ಯುಮೆಂಟ್ ಆಗಿ ಕೊಡುವ ಟ್ರೀಯ ಮೇಲ್ತುದಿಯಲ್ಲಿ ಅದು ಇರಲೇಬೇಕು. ಅಲ್ಲಿ ‘ಆಸ್’ನಲ್ಲಿ ಡಾಕ್ಯುಮೆಂಟ್-ನೋಡ್() ಅಂತ ಬರೆದು, ಒಳಗೆ ‘ಡಾಕ್ಯುಮೆಂಟ್’ ಇನ್‌ಸ್ಟ್ರಕ್ಷನ್ ಹಾಕಿ. ಆಮೇಲೆ ಕೋಡ್ ಓದುವವರಿಗೆ ಅದು ಬೇಕೂಂತಲೇ ಇಟ್ಟದ್ದು ಅಂತ ಗೊತ್ತಾಗುತ್ತದೆ.