2,64,000 ಕಿ.ಮೀ. ಓಡಿದ ಥಾರ್ ಮತ್ತು ಒಂದು ಹಿಡಿ ಹುರುಳಿ ಸೊಪ್ಪು

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ಕಡೆಯವನು. ಬೋರ್‌ವೆಲ್ ಮೋಟಾರ್ ಎತ್ತಿ, ಬಿಚ್ಚಿ, ರಿಪೇರಿ ಮಾಡಿ ಮತ್ತೆ ಇಳಿಸುವುದು ನನ್ನ ಕಸುಬು. 1,000 ಅಡಿ ದಾಟಿದ ಬೋರ್ ನಮ್ಮಲ್ಲಿ ಮಾಮೂಲು, ಹಾಗಾಗಿ ಕೆಲಸಕ್ಕೆ ಬರವಿಲ್ಲ. ಆದರೆ ತೋಟಗಳಿಗೆ ಹೋಗುವ ದಾರಿ ಇದೆಯಲ್ಲ, ಅದನ್ನು ದಾರಿ ಅನ್ನುವುದೇ ಕಷ್ಟ. ಅದಕ್ಕೇ 2017ರಲ್ಲಿ ಸೆಕೆಂಡ್ ಹ್ಯಾಂಡ್ ಮಹೀಂದ್ರ ಥಾರ್ ಜೀಪ್ ತಗೊಂಡೆ. ಹಳೇ ಮಾಡೆಲ್, ಸಿಆರ್‌ಡಿಇ ಡೀಸೆಲ್ ಇಂಜಿನ್, ಫೋರ್ ಬೈ ಫೋರ್, ಅಂದರೆ ಬೇಕಾದಾಗ ನಾಲ್ಕೂ ಚಕ್ರ ಎಳೆಯುವಂಥದ್ದು. ಆಗ ಮೀಟರಿನಲ್ಲಿ 88,000 ಇತ್ತು. ಈಗ 2,64,000. ಇಂಜಿನ್ ಹೆಡ್ ಬಿಚ್ಚುವಂಥ ದೊಡ್ಡ ರಿಪೇರಿ ಇನ್ನೂ ಬಂದಿಲ್ಲ.

ಗಾಡಿಗೆ ಏನು ಮಾಡ್ತೀಯ ಅಂತ ಕೇಳುವವರು ಜಾಸ್ತಿ. ಭಾನುವಾರ ಬೆಳಿಗ್ಗೆ ಗೋಣಿಚೀಲ ಹಾಸಿಕೊಂಡು, ಟಾರ್ಚ್ ಹಿಡಿದು, ಅದರ ಕೆಳಗೆ ಅರ್ಧ ಗಂಟೆ ಮಲಗುತ್ತೇನೆ. ಅಷ್ಟೇ. ಮೊದಮೊದಲು ಮನೆಯವರು ನಕ್ಕರು. ಈಗ ಕಾಫಿ ಲೋಟವನ್ನು ಅಲ್ಲಿಗೇ ತಂದಿಡುತ್ತಾರೆ.

ಮೀಟರನ್ನು ನಂಬಿ ಸರ್ವಿಸ್ ಮಾಡುವುದನ್ನು ನಾನು ಬಿಟ್ಟು ಬಹಳ ದಿನ ಆಯಿತು. ಲೋ ಗೇರಿನಲ್ಲಿ ಒಂದು ಗಂಟೆ ಗುಡ್ಡ ಹತ್ತಿದರೆ ಮೀಟರ್ 6–7 ಕಿ.ಮೀ. ತೋರಿಸುತ್ತದೆ. ಇಂಜಿನ್ ಮಾತ್ರ ಒಂದು ಗಂಟೆ ಪೂರ್ತಿ ದುಡಿದಿರುತ್ತದೆ, ಅದೂ ಗಾಳಿ ಸರಿಯಾಗಿ ಹೊಡೆಯದ ಜಾಗದಲ್ಲಿ. ಅದಕ್ಕೇ ಇಂಜಿನ್ ಆಯಿಲ್ ನಾನು 7,000 ಕಿ.ಮೀ.ಗೇ ಬದಲಾಯಿಸುತ್ತೇನೆ. ದುಂದು ಅನ್ನಿ ಬೇಕಾದರೆ.

ಹೆಚ್ಚು ಪಾಠ ಕಲಿಸಿದ್ದು ಹಿಂದಿನ ಡಿಫರೆನ್ಷಿಯಲ್, ಅಂದರೆ ಹಿಂದಿನ ಎರಡು ಚಕ್ರಗಳ ನಡುವೆ ಕೂತು ಇಂಜಿನ್ ಶಕ್ತಿಯನ್ನು ಅವಕ್ಕೆ ಹಂಚುವ ಗೇರುಗಳ ಡಬ್ಬಿ. 2021ರ ನವೆಂಬರಿನಲ್ಲಿ ನಮ್ಮ ಕಡೆ ವಿಪರೀತ ಮಳೆ ಹಿಡಿಯಿತಲ್ಲ, ಆಗ ಕೆರೆಗಳು ಕೋಡಿ ಬಿದ್ದಿದ್ದವು. ಬಾಗೇಪಲ್ಲಿಯಿಂದ ಒಂದೇ ಉಸಿರಿಗೆ ಓಡಿಸಿಕೊಂಡು ಬಂದು, ನಿಲ್ಲಿಸದೆ ಕೋಡಿ ಹಳ್ಳಕ್ಕೆ ಇಳಿಸಿದೆ. ನೀರು ಬಂಪರ್ ಮಟ್ಟಕ್ಕಿತ್ತು. ಆರಾಮಾಗಿ ದಾಟಿತು, ಖುಷಿಯಾಯಿತು. ಮೂರು ವಾರ ಕಳೆದ ಮೇಲೆ ಹಿಂದಿನಿಂದ ಗುಂಯ್ ಅಂತ ಸದ್ದು ಶುರು. ಡ್ರೈನ್ ಬೋಲ್ಟ್ ಬಿಚ್ಚಿದರೆ ಆಯಿಲ್ ಬದಲು ಹಾಲು ಜಾಸ್ತಿ ಹಾಕಿದ ಟೀ ಸುರಿಯಿತು.

ಆಗಿದ್ದು ಇಷ್ಟು. ಓಡಿ ಬಂದ ಡಿಫರೆನ್ಷಿಯಲ್ ಕಾದಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣೀರು ತಾಗಿದ ತಕ್ಷಣ ಆ ಗಾಳಿ ಕುಗ್ಗುತ್ತದೆ. ಕುಗ್ಗಿದಾಗ ಸಿಕ್ಕ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಬ್ರೀದರ್ ಅಂತ ಒಂದು ಪುಟ್ಟ ಮೂತಿ ಇರುತ್ತದೆ, ಗಾಳಿ ಆಡಲಿಕ್ಕೆ. ನನ್ನದರಲ್ಲಿ ಅದು ಮಣ್ಣು ಮೆತ್ತಿ ಮುಚ್ಚಿಹೋಗಿತ್ತು. ಹಾಗಾಗಿ ನೀರು, ಆಯಿಲ್ ಹೊರಗೆ ಬಾರದಂತೆ ತಡೆಯುವ ರಬ್ಬರ್ ಸೀಲಿನ ಸಂದಿಯಿಂದಲೇ ನುಗ್ಗಿದೆ. ಮೋಟಾರ್ ಸೀಲ್ ಹೋದರೆ ಏನಾಗುತ್ತದೆ ಅಂತ ದಿನಾ ರೈತರಿಗೆ ಬುದ್ಧಿ ಹೇಳುವವನು ನಾನು! ಬೇರಿಂಗ್ ಬದಲಾಯಿಸುವುದು ತಪ್ಪಲಿಲ್ಲ. ಆಮೇಲೆ ಬ್ರೀದರಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ, ಟೈಲ್ ಲ್ಯಾಂಪ್ ಎತ್ತರಕ್ಕೆ ಒಯ್ದು ಕಟ್ಟಿದೆ. 200 ರೂಪಾಯಿ ಕೆಲಸ. ಈಗ ನೀರಿಗೆ ಇಳಿಯುವ ಮುಂಚೆ ಹತ್ತು ನಿಮಿಷ ನಿಲ್ಲಿಸುತ್ತೇನೆ ಕೂಡ.

ನೀವೇ ಡಿಫರೆನ್ಷಿಯಲ್ ಆಯಿಲ್ ಬದಲಾಯಿಸುವುದಾದರೆ ಒಂದು ಮಾತು. ಮೊದಲು ಮೇಲಿನ, ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ. ಅದು ತುಕ್ಕು ಹಿಡಿದು ಕೂತಿದ್ದರೆ, ಕೆಳಗಿನದ್ದು ಬಿಚ್ಚಿ ಖಾಲಿ ಮಾಡಿದ ಮೇಲೆ ತುಂಬೋದು ಹೇಗೆ? ಡ್ರೈನ್ ಬೋಲ್ಟಿನಲ್ಲಿ ಅಯಸ್ಕಾಂತ ಇದ್ದರೆ ಅದನ್ನು ಬೆರಳಲ್ಲಿ ಸವರಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಚಿಂತೆ ಇಲ್ಲ. ಉಗುರು ಕತ್ತರಿಸಿದಂಥ ಚೂರು ಸಿಕ್ಕರೆ ಗಾಡಿ ಹೊರಗೆ ತೆಗೀಬೇಡಿ.

ಇನ್ನು ಹುರುಳಿ. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಸೊಪ್ಪು ಎಲ್ಲ ಟಾರಿನ ಮೇಲೆ ಹಾಸಿರುತ್ತಾರೆ, ನಮ್ಮ ಗಾಡಿಗಳೇ ರೋಣಗಲ್ಲು. ರಾಗಿ ಹುಲ್ಲು ಅಷ್ಟು ತೊಂದರೆ ಕೊಡುವುದಿಲ್ಲ. ಹುರುಳಿ ಬಳ್ಳಿ ಮಾತ್ರ ಗಾಡಿಯ ಕೆಳಗೆ ತಿರುಗುತ್ತಾ ಇಂಜಿನ್ ಶಕ್ತಿಯನ್ನು ಡಿಫರೆನ್ಷಿಯಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ಹಗ್ಗದ ಹಾಗೆ ಬಿಗಿಯುತ್ತದೆ. ಒಂದು ಭಾನುವಾರ ಕೆಳಗೆ ಮಲಗಿ ನೋಡಿದರೆ ಶಾಫ್ಟ್ ಡಿಫರೆನ್ಷಿಯಲ್‌ಗೆ ಸೇರುವ ಜಾಗದಲ್ಲಿ ತೆಂಗಿನಕಾಯಿ ಗಾತ್ರದ ಉಂಡೆ! ಕುಡುಗೋಲಿನಿಂದ ಒಂದೊಂದೇ ಸುತ್ತು ಕೊಯ್ದು ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಪಿನಿಯನ್ ಸೀಲಿನ ರಬ್ಬರ್ ಉಜ್ಜಿಹೋಗಿ ಆಯಿಲ್ ಜಿನುಗುತ್ತಿತ್ತು. ಸೀಲ್ ಒಂದೇ ಹೋದದ್ದು ಪುಣ್ಯ. ಅದೇ ಸೊಪ್ಪು ಕಾದ ಸೈಲೆನ್ಸರಿಗೆ ಸಿಕ್ಕಿ ಗಾಡಿಗೇ ಬೆಂಕಿ ಹತ್ತುವುದೂ ಉಂಟು. ಕಣದ ಮೇಲೆ ಹಾದು ಬಂದ ದಿನ ನಾನು ಭಾನುವಾರಕ್ಕೆ ಕಾಯುವುದಿಲ್ಲ. ಆವತ್ತೇ ಬಗ್ಗಿ ನೋಡುತ್ತೇನೆ.

ಶಾಫ್ಟಿನ ಕೀಲುಗಳಲ್ಲಿರುವ, ಕೂಡುವ ಗುರುತಿನ ಆಕಾರದ ಯುಜೆ ಕ್ರಾಸ್‌ಗಳಿಗೆ ತಿಂಗಳಿಗೊಮ್ಮೆ ಗ್ರೀಸ್. ನಾಲ್ಕೂ ಮೂಲೆಯಿಂದ ಹಳೇ ಗ್ರೀಸ್ ಹೊರಗೆ ಬರುವ ತನಕ ಒತ್ತಬೇಕು. ಮೂರು ಮೂಲೆ ಬಂದು ಒಂದು ಬರಲಿಲ್ಲ ಅಂದರೆ ಒಳಗೆ ಆ ಒಂದು ಒಣಗಿದೆ ಅಂತ ಲೆಕ್ಕ. ಸುತ್ತ ಕೆಂಪು ತುಕ್ಕಿನ ಪುಡಿ ಕಂಡರಂತೂ ಅದರ ಕಾಲ ಮುಗಿದಿದೆ.

ಏರ್ ಫಿಲ್ಟರ್ ಬಗ್ಗೆ ಎಲ್ಲರಿಗೂ ಗೊತ್ತು, ಆದರೂ ಕ್ರಷರ್ ಧೂಳಿನಲ್ಲಿ ಓಡಾಡುವವರು ಫಿಲ್ಟರ್ ದಾಟಿದ ಪೈಪಿನ ಒಳಗೂ ಬೆರಳು ಆಡಿಸಿ. ಬೆರಳಿಗೆ ಧೂಳು ಹತ್ತಿದರೆ ಕ್ಲಿಪ್ ಸಡಿಲ ಇದೆ, ಎಷ್ಟು ಹೊಸ ಫಿಲ್ಟರ್ ಹಾಕಿದರೂ ದಂಡ.

ರೇಡಿಯೇಟರಿಗೆ ಬೋರ್ ನೀರು ಬೇಡವೇ ಬೇಡ. ಒಮ್ಮೆ ಹೋಸ್ ಒಡೆದಾಗ ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ ಒಬ್ಬ ಎರಡು ಬಿಂದಿಗೆ ಸುರಿದುಬಿಟ್ಟ. ತುರ್ತಿಗೆ ಸರಿ, ನಾನೂ ಬೇಡ ಅನ್ನಲಿಲ್ಲ. ಆದರೆ ನಮ್ಮ ನೀರು ಕಾಯಿಸಿದ ಹಂಡೆ ತಳ ನೋಡಿದ್ದೀರಲ್ವಾ? ಅದೇ ಬಿಳಿ ಹಕ್ಕಳೆ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಎರಡೇ ದಿನದಲ್ಲಿ ಫ್ಲಶ್ ಮಾಡಿಸಿ, ಕೂಲೆಂಟಿಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿದೆ.

ಫೋರ್ ಬೈ ಫೋರ್ ಲಿವರ್ ತಿಂಗಳಿಗೊಮ್ಮೆ ಹಾಕಿ ಮಣ್ಣಿನಲ್ಲಿ ಒಂದು ಕಿ.ಮೀ. ಓಡಿಸುತ್ತೇನೆ, ಇಲ್ಲದಿದ್ದರೆ ಬೇಕಾದ ದಿನ ಅದು ಕೂರುವುದಿಲ್ಲ. ಟಾರು ರಸ್ತೆಯ ಮೇಲೆ ಮಾತ್ರ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಜಗಳ ಬಿದ್ದು ಶಾಫ್ಟು, ಗೇರುಗಳ ಇಡೀ ಸಾಲೇ ಬಿಗಿದುಕೊಳ್ಳುತ್ತದೆ.

ಹೋದ ಭಾನುವಾರ ಬಲಗಡೆ ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದೆ. ಸಣ್ಣಗೆ ಟಕ್ ಅಂತು. ಮಗನಿಗೆ ಬ್ರೇಕ್ ಒತ್ತಿ ಹಿಡಿ ಅಂದೆ. ಆಗ ಅಲ್ಲಾಟ ನಿಂತರೆ ವ್ಹೀಲ್ ಬೇರಿಂಗ್, ನಿಲ್ಲದಿದ್ದರೆ ಚಕ್ರವನ್ನು ಸಸ್ಪೆನ್ಷನ್ನಿಗೆ ಸೇರಿಸುವ ಕೀಲು, ಅಂದರೆ ಬಾಲ್ ಜಾಯಿಂಟ್. ನಿಲ್ಲಲಿಲ್ಲ. ಬುಧವಾರ ಚಿಕ್ಕಬಳ್ಳಾಪುರಕ್ಕೆ ಹೋಗಿ ಒಂದು ಜೊತೆ ತರಬೇಕು. ಅಲ್ಲಿಯವರೆಗೆ ಬೈಕೇ ಗತಿ.