ನಾಯಿ, ಬೆಕ್ಕು ಎರಡಕ್ಕೂ ಒಂದೇ ಕ್ಲಿನಿಕ್: ನಾನು ಆರಿಸಿಕೊಂಡ ಬಗೆ

ನಮ್ಮ ಮನೆಯಲ್ಲಿ ಒಂದು ನಾಯಿಯೂ ಒಂದು ಗಂಡು ಬೆಕ್ಕೂ ಇವೆ. ಲಸಿಕೆ, ಜಂತುಹುಳುವಿನ ಔಷಧಿ, ಹಲ್ಲು, ಚರ್ಮ ಮತ್ತು ತೂಕದ ತಪಾಸಣೆಯಂತಹ ಸಾಮಾನ್ಯ ಆರೈಕೆಗೆಂದು ಒಂದು ಕ್ಲಿನಿಕ್ ಗೊತ್ತುಮಾಡಿಕೊಳ್ಳಲು ಹೊರಟಾಗ, ಅವೆರಡೂ ಆರೋಗ್ಯವಾಗಿರುವಾಗಲೇ ಈ ಹುಡುಕಾಟ ಮುಗಿಯಬೇಕೆಂದು ನಿಶ್ಚಯಿಸಿದ್ದೆ. ಕಾಯಿಲೆ ಬಿದ್ದ ಪ್ರಾಣಿಯನ್ನು ಎತ್ತಿಕೊಂಡು ಓಡುವಾಗ ಹತ್ತಿರದಲ್ಲಿ ಯಾವುದು ತೆರೆದಿದೆ ಎಂಬುದಷ್ಟೇ ಮುಖ್ಯವಾಗುತ್ತದೆ. ವೈದ್ಯರು ಹೇಗೆ ಪರೀಕ್ಷಿಸುತ್ತಾರೆ, ಏನನ್ನು ಬರೆದಿಡುತ್ತಾರೆ ಎಂದು ಗಮನಿಸುವಷ್ಟು ಸಮಾಧಾನ ಆಗ ಯಾರಿಗೂ ಇರುವುದಿಲ್ಲ.

ಮೊದಲ ಭೇಟಿಗೆ ಪ್ರಾಣಿಗಳನ್ನು ಕರೆದೊಯ್ಯದೆ, ಫೋನ್ ಮಾಡಿ ಕೇಳಿಕೊಂಡು, ಜನ ಕಡಿಮೆ ಇರುವ ಹೊತ್ತಿನಲ್ಲಿ ನಾನೊಬ್ಬಳೇ ಹೋದೆ. ನಾನು ಕೇಳಿದ ಮೊದಲ ಪ್ರಶ್ನೆ ಲಸಿಕೆಗಳನ್ನು ಎಲ್ಲಿ ಇಡುತ್ತೀರಿ ಎಂಬುದು. ಅವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಬಿಸಿಯಾದರೂ, ಹೆಪ್ಪುಗಟ್ಟಿದರೂ ಅವುಗಳ ಶಕ್ತಿ ಕುಂದಬಹುದು, ಆದರೆ ಸೀಸೆಯನ್ನು ನೋಡಿ ಅದನ್ನು ಪತ್ತೆಹಚ್ಚಲಾಗುವುದಿಲ್ಲ. ಒಂದು ಕಡೆ ಲಸಿಕೆಗಳು ಸಿಬ್ಬಂದಿಯ ಊಟದ ಡಬ್ಬಿಗಳ ಪಕ್ಕದಲ್ಲೇ ಇದ್ದವು. ಇನ್ನೊಂದು ಕಡೆ ಸಹಾಯಕಿ ಫ್ರಿಜ್‌ನ ಬಾಗಿಲು ತೆರೆದು, ಒಳಗಿದ್ದ ಉಷ್ಣತಾಮಾಪಕವನ್ನೂ ದಿನದಿನದ ಅಂಕಿಗಳನ್ನು ಬರೆದಿಟ್ಟ ಪುಸ್ತಕವನ್ನೂ ತೋರಿಸಿದರು. ಎರಡನೆಯ ಪ್ರಶ್ನೆ ಅರಿವಳಿಕೆಯದು. ಸಂತಾನಹರಣ ಶಸ್ತ್ರಚಿಕಿತ್ಸೆಯೂ ಹಲ್ಲಿನ ಪಾಚಿ ತೆಗೆಯುವುದೂ ಸಾಮಾನ್ಯ ಆರೈಕೆಯ ಭಾಗಗಳೇ, ಮತ್ತು ಎರಡಕ್ಕೂ ಅರಿವಳಿಕೆ ಬೇಕು. ವೈದ್ಯರು ಶಸ್ತ್ರಚಿಕಿತ್ಸೆ ನಡೆಸುತ್ತಿರುವಾಗ ಪ್ರಾಣಿಯ ಉಸಿರು, ಹೃದಯದ ಬಡಿತ ಮತ್ತು ಮೈಯ ಉಷ್ಣತೆಯನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದೆ. ಅದಕ್ಕಾಗಿಯೇ ತರಬೇತಾದ ಒಬ್ಬರು ಇರುತ್ತಾರೆ, ಪ್ರಾಣಿ ಪೂರ್ತಿ ಎಚ್ಚರಗೊಳ್ಳುವವರೆಗೂ ಪಕ್ಕದಲ್ಲೇ ಇರುತ್ತಾರೆ ಎಂಬ ಉತ್ತರ ಬಂದಲ್ಲಿ ಮಾತ್ರ ಮುಂದಿನ ಭೇಟಿಗೆ ಸಮಯ ಗೊತ್ತುಮಾಡಿಕೊಂಡೆ.

ಆದರೂ ನನ್ನ ತೀರ್ಮಾನ ಬಹುಪಾಲು ನಿಂತದ್ದು ನಾಯಿಯ ಸಾಮಾನ್ಯ ತಪಾಸಣೆಯ ಮೇಲೆ. ಕೊನೆಗೆ ನಾನು ಆರಿಸಿಕೊಂಡ ಕ್ಲಿನಿಕ್‌ನ ವೈದ್ಯೆ ಮೇಜಿನ ಬಳಿ ಕಾಯುತ್ತ ನಿಲ್ಲದೆ ನೆಲದ ಮೇಲೆ ಕುಳಿತು, ನಾಯಿ ತಾನಾಗಿ ಬಂದು ಮೂಸುವವರೆಗೆ ಅದು ತಿನ್ನುವುದು, ನೀರು ಕುಡಿಯುವುದು, ಮಲಮೂತ್ರ, ನಡಿಗೆ ಎಲ್ಲವನ್ನೂ ನನ್ನಿಂದ ವಿಚಾರಿಸಿಕೊಂಡರು. ಆಮೇಲೆ ಕಣ್ಣು, ಕಿವಿ ನೋಡಿ, ಮೇಲ್ದುಟಿಯನ್ನು ಹಿಂದಕ್ಕೆ ಸರಿಸಿ, ದವಡೆಯ ದೊಡ್ಡ ಹಲ್ಲಿನ ಹೊರಬದಿಯನ್ನು ನನಗೂ ತೋರಿಸಿದರು. ಪಾಚಿ ಹೆಚ್ಚಾಗಿ ಕಟ್ಟುವುದು ಅಲ್ಲಿಯೇ, ಮುಂಭಾಗದ ಬಿಳಿ ಹಲ್ಲುಗಳನ್ನಷ್ಟೇ ನೋಡಿದವರಿಗೆ ಅದು ಕಾಣುವುದಿಲ್ಲ. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟು, ಗುಲಾಬಿ ಬಣ್ಣ 2 ಸೆಕೆಂಡಿನೊಳಗೆ ಮರಳುತ್ತದೆಯೇ ಎಂದು ಗಮನಿಸಿದರು. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಗ್ರಂಥಿಗಳು ಊದಿವೆಯೇ ಎಂದು ಮುಟ್ಟಿ ನೋಡಿದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಅವರು ಹೃದಯ ಪರೀಕ್ಷಿಸಿದ ರೀತಿ: ಸ್ಟೆತೊಸ್ಕೋಪ್ ಎದೆಯ ಮೇಲಿದ್ದರೆ, ಇನ್ನೊಂದು ಕೈಯ ಬೆರಳುಗಳು ಹಿಂದೊಡೆಯ ಒಳಬದಿಯ ನಾಡಿಯ ಮೇಲಿದ್ದವು. ಎದೆಯಲ್ಲಿ ಕೇಳುವ ಪ್ರತಿ ಬಡಿತವೂ ನಾಡಿಗೆ ತಲುಪುತ್ತಿದೆಯೇ ಎಂಬುದು ಹಾಗೆ ತಿಳಿಯುತ್ತದೆ. ಯಾವ ಹೊಸ ಯಂತ್ರವೂ ಬೇಡದ ಈ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡುವವರನ್ನು ನಾನು ನಂಬುತ್ತೇನೆ. ಬಾಗಿಲಿನಿಂದ ಬಂದ ನಾಯಿಗೆ ನೇರವಾಗಿ ಸೂಜಿ ಚುಚ್ಚಿ ಕಳುಹಿಸುವ ಕ್ಲಿನಿಕ್ ಎಷ್ಟೇ ಹತ್ತಿರವಿದ್ದರೂ ನನಗೆ ಬೇಡ.

ಲಸಿಕೆಯ ಮಾತಿನಲ್ಲೂ ಅದೇ ಎಚ್ಚರ ಕಂಡಿತು. ನಾಯಿಗೆ ಡಿಸ್ಟೆಂಪರ್, ಪಾರ್ವೋ ಮತ್ತು ಅಡಿನೋವೈರಸ್ ಎಂಬ ವೈರಸ್ ಸೋಂಕುಗಳ ವಿರುದ್ಧದ ರಕ್ಷಣೆ ಮೂಲಭೂತವಾದದ್ದು. ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಗೆ ಅಡ್ಡಿಯಾಗುವುದರಿಂದ ಮರಿಗಳಿಗೆ ಕೊನೆಯ ಡೋಸ್ 16 ವಾರಕ್ಕೆ ಇಲ್ಲವೇ ಅದರ ನಂತರ ಬೀಳಬೇಕು. ಬೆಳೆದ ನಾಯಿಗೆ ಈ ಲಸಿಕೆಗಳನ್ನು ಪ್ರತಿವರ್ಷ ಹಾಕಬೇಕಾಗಿಲ್ಲ, 3 ವರ್ಷಕ್ಕೊಮ್ಮೆ ಸಾಕು. ಇಲಿಜ್ವರದ ಲಸಿಕೆಯಾದರೆ ವರ್ಷಕ್ಕೊಮ್ಮೆ ಬೇಕು. ರೇಬೀಸ್‌ಗೆ ಆಯಾ ಪ್ರದೇಶದ ಕಾನೂನನ್ನು ಅನುಸರಿಸಬೇಕು. ಇದನ್ನೆಲ್ಲ ನಾನು ಕೇಳುವ ಮೊದಲೇ ಅವರು ವಿವರಿಸಿ, ಸೀಸೆಯ ಮೇಲಿನ ಬ್ಯಾಚ್ ಸಂಖ್ಯೆಯ ಚೀಟಿಯನ್ನು ಕಿತ್ತು ನಮ್ಮ ಪ್ರಾಣಿಗಳ ದಾಖಲೆ ಪುಸ್ತಕದಲ್ಲಿ ಅಂಟಿಸಿದರು.

ಬೆಕ್ಕಿನ ವಿಷಯ ಇನ್ನೂ ಸೂಕ್ಷ್ಮ. ಹೆದರಿದ ಬೆಕ್ಕಿನ ಹೃದಯದ ಬಡಿತ, ರಕ್ತದೊತ್ತಡ, ಅಷ್ಟೇಕೆ, ರಕ್ತದ ಸಕ್ಕರೆಯೂ ಏರುತ್ತದೆ. ಹಾಗಾಗಿ ಹೆದರಿಸಿ ಮಾಡಿದ ಪರೀಕ್ಷೆಯ ಅಂಕಿಗಳು ವೈದ್ಯರನ್ನೇ ದಾರಿ ತಪ್ಪಿಸಬಹುದು. ಕತ್ತಿನ ಚರ್ಮ ಹಿಡಿದು ಬುಟ್ಟಿಯಿಂದ ಎಳೆದು ತೆಗೆದ ಒಂದು ಕ್ಲಿನಿಕ್‌ಗೆ ನಾನು ಮತ್ತೆ ಹೋಗಲಿಲ್ಲ. ಈ ವೈದ್ಯೆ ಬುಟ್ಟಿಯ ಮೇಲ್ಭಾಗವನ್ನು ಮಾತ್ರ ಕಳಚಿ, ಕೆಳಭಾಗದಲ್ಲಿ ತನ್ನದೇ ವಾಸನೆಯ ಬಟ್ಟೆಯ ಮೇಲೆ ಮುದುರಿ ಕುಳಿತಿದ್ದ ಬೆಕ್ಕಿನ ತಲೆಯ ಮೇಲೆ ಟವೆಲ್ ಹೊದಿಸಿ, ಹೊಟ್ಟೆಯಿಂದ ಆರಂಭಿಸಿ ಎಲ್ಲವನ್ನೂ ಅಲ್ಲಿಯೇ ಮುಟ್ಟಿ ನೋಡಿದರು. ತೂಕ ಮಾಡಿದ್ದು ಗ್ರಾಂ ಲೆಕ್ಕ ತೋರಿಸುವ ಚಿಕ್ಕ ತಕ್ಕಡಿಯಲ್ಲಿ. 4 ಕಿಲೋ ಬೆಕ್ಕು 400 ಗ್ರಾಂ ಇಳಿಯಿತೆಂದರೆ 60 ಕಿಲೋ ಮನುಷ್ಯ 6 ಕಿಲೋ ಇಳಿದಂತೆ. ದೊಡ್ಡ ನಾಯಿಗಳನ್ನು ತೂಗುವ ಯಂತ್ರದಲ್ಲಿ ಅಂತಹ ಇಳಿತ ಸರಿಯಾಗಿ ತಿಳಿಯದೆ ಹೋಗಬಹುದು.

ಎರಡೂ ಪ್ರಾಣಿಗಳಿಗೆ ಒಂದೇ ಕ್ಲಿನಿಕ್ ಇರುವುದರ ಪ್ರಯೋಜನ ಮೈಗೆ ಕಚ್ಚಿಕೊಳ್ಳುವ ಉಣ್ಣೆಹುಳುವಿನ ಔಷಧಿ ಬರೆಯುವಾಗ ಅರ್ಥವಾಯಿತು. ನಾಯಿ, ಬೆಕ್ಕು ಒಟ್ಟಿಗೆ ಮಲಗುತ್ತವೆಯೇ ಎಂದು ಅವರು ಕೇಳಿದರು. ನಾಯಿಗಳಿಗೆ ಹಚ್ಚುವ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಹಚ್ಚಿಸಿಕೊಂಡ ನಾಯಿಯ ಮೈಗೆ ಒರಗಿ ಮಲಗುವುದೂ ಬೆಕ್ಕಿಗೆ ಅಪಾಯ. ಅದಿಲ್ಲದ ಬೇರೆ ಔಷಧಿಯನ್ನು ಬರೆದುಕೊಟ್ಟರು.

ದೂರ, ಕಾಯುವ ಸಮಯ, ಶುಲ್ಕ ಇವುಗಳನ್ನೂ ತೂಗಿ ನೋಡಿದೆ. ಶುಲ್ಕ ಎಷ್ಟು ಎಂಬುದಕ್ಕಿಂತ, ಚಿಕಿತ್ಸೆಗೆ ಮೊದಲೇ ಅಂದಾಜನ್ನು ಬರೆದುಕೊಡುತ್ತಾರೆಯೇ ಎಂಬುದು ನನಗೆ ಮುಖ್ಯವಾಗಿತ್ತು. ರಾತ್ರಿ ಈ ಕ್ಲಿನಿಕ್ ಮುಚ್ಚಿರುತ್ತದೆ. ಅದನ್ನು ಅವರು ಮರೆಮಾಚದೆ, ರಾತ್ರಿ ತೆರೆದಿರುವ ಆಸ್ಪತ್ರೆಯ ಫೋನ್ ಸಂಖ್ಯೆಯನ್ನು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಟ್ಟು, ಗಂಡು ಬೆಕ್ಕು ಮತ್ತೆ ಮತ್ತೆ ತಿಣುಕಿದರೂ ಮೂತ್ರ ಬಾರದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ ಎಂದು ಒತ್ತಿ ಹೇಳಿದರು.

ಮುಂದೊಂದು ತಪಾಸಣೆಯಲ್ಲಿ ಬೆಕ್ಕಿನ ಎದೆಯಲ್ಲಿ ಬಡಿತದ ಜೊತೆಗೆ ಇನ್ನೊಂದು ಸದ್ದು ಅವರಿಗೆ ಕೇಳಿಸಿತು. ಹೃದಯದ ಸ್ಕ್ಯಾನ್ ತಮ್ಮಲ್ಲಿ ಆಗುವುದಿಲ್ಲವೆಂದು ಹೇಳಿ, ಅಲ್ಲಿಯವರೆಗಿನ ತೂಕ, ಲಸಿಕೆ ಮತ್ತು ರಕ್ತಪರೀಕ್ಷೆಯ ದಾಖಲೆಗಳೊಂದಿಗೆ ತಜ್ಞರಿಗೆ ಪತ್ರ ಬರೆದುಕೊಟ್ಟರು. ತಜ್ಞರ ವರದಿ ಬಂದ ಮೇಲೆ ತಾವೇ ಫೋನ್ ಮಾಡಿ, ಈಗ ಔಷಧಿ ಬೇಡವೆಂದೂ, ಬೆಕ್ಕು ಮಲಗಿರುವಾಗ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಸಲ ಉಸಿರಾಡುವುದು ಮತ್ತೆ ಮತ್ತೆ ಕಂಡುಬಂದರೆ ತಕ್ಷಣ ತಿಳಿಸಬೇಕೆಂದೂ ಹೇಳಿದರು. ಅಂದಿನಿಂದ ನಾನು ಆ ಎಣಿಕೆಯನ್ನು ಅದೇ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ, ಪ್ರತಿ ಭೇಟಿಯಲ್ಲೂ ಅವರು ಅದನ್ನು ಕೇಳಿ ನೋಡುತ್ತಾರೆ.