ಯಂತ್ರ ‘ಬೀಪ್’ ಎಂದ ಮೇಲೂ ದಾರಿ ಬಾಕಿ: ಹೊಸ ವ್ಯಾಪಾರದಲ್ಲಿ ಹಣ ಪಡೆಯುವ ವ್ಯವಸ್ಥೆ ಹೇಗೆ?

ಅಂಗಡಿಯ ಬೋರ್ಡಿಗೆ ಯಾವ ಬಣ್ಣ, ಯಾವ ಅಕ್ಷರ ಎಂದು ಹತ್ತು ಸಲ ಯೋಚಿಸುವವರೂ ಗಿರಾಕಿಯಿಂದ ಹಣ ಪಡೆಯುವ ವ್ಯವಸ್ಥೆಯನ್ನು ಮಾತ್ರ ಕೊನೆಯ ವಾರಕ್ಕೆ ತಳ್ಳಿಬಿಡುತ್ತಾರೆ. ಯಾರೋ ಏಜೆಂಟ್ ಬಂದು ಕಾರ್ಡ್ ಯಂತ್ರ ಇಟ್ಟು, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ತಿಂಗಳು ಕಳೆದರೂ ಮಾರಾಟದ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ವ್ಯಾಪಾರ ಚೆನ್ನಾಗಿಯೇ ಇರುತ್ತದೆ, ಆದರೆ ಸರಕು ಕೊಟ್ಟವರಿಗೆ ಕೊಡಲು ಕೈಯಲ್ಲಿ ಕಾಸಿರುವುದಿಲ್ಲ. ಗಿರಾಕಿ ಹಣ ಕೊಟ್ಟ ಕ್ಷಣದಿಂದ ಅದು ನಿಮ್ಮ ಖಾತೆ ಸೇರುವವರೆಗೆ ಒಂದು ದಾರಿಯಿದೆ. ಬಾಗಿಲು ತೆರೆಯುವ ಮೊದಲೇ ಆ ದಾರಿಯನ್ನು ಅರಿತುಕೊಳ್ಳಬೇಕು.

ಮೊದಲು ಖಾತೆ, ಆಮೇಲೆ ಹೆಸರು

ವ್ಯಾಪಾರದ ಹೆಸರಿನಲ್ಲಿಯೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಮನೆಯ ಖರ್ಚು ಮತ್ತು ಮಾರಾಟದ ಹಣ ಒಂದೇ ಖಾತೆಯಲ್ಲಿ ಬೆರೆತರೆ ತೆರಿಗೆ ಕಟ್ಟುವ ಹೊತ್ತಿಗೆ ಬಿಡಿಸಿ ನೋಡುವುದೇ ದೊಡ್ಡ ಕೆಲಸವಾಗುತ್ತದೆ. ನೋಂದಣಿ ಪತ್ರ, ಗುರುತಿನ ಚೀಟಿ, ವಿಳಾಸದ ದಾಖಲೆ ಎಲ್ಲದರಲ್ಲೂ ಹೆಸರು ಒಂದೇ ರೀತಿ ಇರಲಿ. ಒಂದಕ್ಷರ ಆಚೀಚೆ ಆದರೂ ಅರ್ಜಿ ವಾಪಸಾಗಬಹುದು.

ಕಾರ್ಡ್ ಹಣ ಪಡೆಯಲು ತುಂಬುವ ಅರ್ಜಿಯಲ್ಲಿ ಎರಡು ವಿಷಯಗಳನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಒಂದು, ವ್ಯಾಪಾರದ ವರ್ಗ. ಪ್ರತಿ ಬಗೆಯ ವ್ಯಾಪಾರಕ್ಕೂ ನಾಲ್ಕು ಅಂಕಿಯ ಸಂಕೇತವಿದೆ. ಶುಲ್ಕ ಎಷ್ಟು, ನಿಮ್ಮನ್ನು ಎಷ್ಟು ಅಪಾಯದ ವ್ಯಾಪಾರ ಎಂದು ಪರಿಗಣಿಸಬೇಕು ಎಂಬುದರಲ್ಲಿ ಆ ಸಂಕೇತದ ಪಾತ್ರವಿದೆ. ಏಜೆಂಟ್ ಅಂದಾಜಿನಲ್ಲಿ ಬರೆದುಕೊಳ್ಳಲು ಬಿಡಬೇಡಿ.

ಇನ್ನೊಂದು, ಗಿರಾಕಿಯ ಬ್ಯಾಂಕ್ ವಿವರಣೆಯಲ್ಲಿ (ಸ್ಟೇಟ್‌ಮೆಂಟ್‌ನಲ್ಲಿ) ಅಚ್ಚಾಗುವ ಹೆಸರು. ಅಲ್ಲಿ ಇಪ್ಪತ್ತು ಚಿಲ್ಲರೆ ಅಕ್ಷರಗಳಿಗಷ್ಟೇ ಜಾಗ. ಬೋರ್ಡಿನ ಮೇಲೆ ಒಂದು ಹೆಸರು, ನೋಂದಣಿಯಲ್ಲಿ ಇನ್ನೊಂದು ಹೆಸರು ಇದ್ದರೆ ಏನಾಗುತ್ತದೆ ನೋಡಿ. ಮೂರು ವಾರ ಕಳೆದ ಮೇಲೆ ಗಿರಾಕಿ ತನ್ನ ಖಾತೆಯ ವಿವರಣೆ ತೆರೆಯುತ್ತಾನೆ. ಎಂದೂ ಕೇಳದ ಹೆಸರೊಂದು ಕಾಣುತ್ತದೆ. ಮೋಸವಾಗಿದೆ ಎಂದು ಗಾಬರಿಯಾಗಿ ಬ್ಯಾಂಕಿಗೆ ದೂರು ಕೊಡುತ್ತಾನೆ, ಬ್ಯಾಂಕ್ ಹಣವನ್ನು ನಿಮ್ಮಿಂದ ಹಿಂದಕ್ಕೆ ಪಡೆಯುತ್ತದೆ. ಸರಕೂ ಹೋಯಿತು, ಹಣವೂ ಹೋಯಿತು, ಮೇಲೆ ದಂಡವನ್ನೂ ತೆರಬೇಕಾಗಬಹುದು. ಬೋರ್ಡಿನ ಮೇಲಿನ ಹೆಸರೇ ಅಲ್ಲಿ ಬರಲಿ ಎಂದು ಅರ್ಜಿಯಲ್ಲೇ ಬರೆಸಿ.

ಹಣ ನಡೆದು ಬರುವ ದಾರಿ

ಗಿರಾಕಿ ಕಾರ್ಡನ್ನು ಯಂತ್ರಕ್ಕೆ ತಾಗಿಸಿದಾಗ ಆ ಕೋರಿಕೆ ನಿಮ್ಮ ಪರವಾಗಿ ಹಣ ಪಡೆಯುವ ಬ್ಯಾಂಕಿಗೆ, ಅಲ್ಲಿಂದ ವೀಸಾ, ಮಾಸ್ಟರ್‌ಕಾರ್ಡ್‌ನಂತಹ ಜಾಲಕ್ಕೆ, ಅಲ್ಲಿಂದ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಖಾತೆಯಲ್ಲಿ ಹಣವಿದೆಯೇ, ಕಾರ್ಡ್ ಕಳುವಾದದ್ದೇ ಎಂದು ನೋಡಿ ಆ ಬ್ಯಾಂಕ್ ಒಪ್ಪಿಗೆ ಕಳುಹಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಯಂತ್ರ ‘ಬೀಪ್’ ಎನ್ನುತ್ತದೆ. ಸಿಕ್ಕಿದ್ದು ಒಪ್ಪಿಗೆ ಮಾತ್ರ. ಹಣ ಜಮೆಯಾಗುವುದು ಸಾಮಾನ್ಯವಾಗಿ ಒಂದೆರಡು ಕೆಲಸದ ದಿನಗಳ ನಂತರ. ನಡುವೆ ರಜೆ ಬಂದರೆ ಇನ್ನೂ ತಡ. ಸರಕಿನವರಿಗೆ ಹಣ ಕೊಡುವ ದಿನವನ್ನು ಮಾರಾಟದ ದಿನ ನೋಡಿ ಗೊತ್ತುಮಾಡಬೇಡಿ, ಜಮೆಯಾಗುವ ದಿನ ನೋಡಿ ಗೊತ್ತುಮಾಡಿ.

ದಾರಿಯಲ್ಲಿ ಸಿಗುವ ಪ್ರತಿಯೊಬ್ಬರಿಗೂ ಪಾಲಿದೆ: ಕಾರ್ಡ್ ಕೊಟ್ಟ ಬ್ಯಾಂಕಿಗೆ, ಜಾಲಕ್ಕೆ, ನಿಮ್ಮ ಪರವಾಗಿ ಹಣ ಪಡೆಯುವವರಿಗೆ. ಶೇಕಡಾ ಲೆಕ್ಕದ ಜೊತೆಗೆ ಪ್ರತಿ ವಹಿವಾಟಿಗೆ ಇಂತಿಷ್ಟು ಎಂಬ ಶುಲ್ಕವೂ ಇರಬಹುದು, ಸಣ್ಣ ವ್ಯಾಪಾರಿ ಎಡವುವುದು ಇಲ್ಲಿಯೇ. ಒಂದು ವಹಿವಾಟಿಗೆ 5 ರೂಪಾಯಿ ಎಂದಿಟ್ಟುಕೊಳ್ಳಿ. 1,000ದ ಬಿಲ್ಲಿನಲ್ಲಿ ಅದು ಶೇ 0.5, 50ರ ಬಿಲ್ಲಿನಲ್ಲಿ ಶೇ 10! ನಿಮ್ಮ ಸರಾಸರಿ ಬಿಲ್ಲು ಎಷ್ಟಿರಬಹುದು ಎಂದು ಅಂದಾಜು ಮಾಡಿ, ಆ ಮೊತ್ತವನ್ನೇ ಇಟ್ಟುಕೊಂಡು ಎರಡು ಮೂರು ಕಂಪನಿಗಳ ದರವನ್ನು ಹೋಲಿಸಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವ ಶೇಕಡಾವಾರು ಒಂದನ್ನೇ ನಂಬಿ ನಿರ್ಧರಿಸಬೇಡಿ.

ಸಹಿ ಹಾಕುವ ಮೊದಲು ಇಷ್ಟನ್ನು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಯಂತ್ರಕ್ಕೆ ತಿಂಗಳ ಬಾಡಿಗೆ ಇದೆಯೇ? ವಹಿವಾಟು ಕಡಿಮೆಯಾದ ತಿಂಗಳು ಕನಿಷ್ಠ ಶುಲ್ಕ ಹಾಕುತ್ತೀರಾ? ನಡುವೆಯೇ ಬಿಟ್ಟರೆ ಎಷ್ಟು ಕಟ್ಟಬೇಕು? ಗಿರಾಕಿಗೆ ಹಣ ವಾಪಸು ಕೊಟ್ಟಾಗ ನಿಮ್ಮ ಶುಲ್ಕವೂ ವಾಪಸು ಬರುತ್ತದೆಯೇ? ನಮ್ಮ ಹಣದಲ್ಲಿ ಒಂದು ಪಾಲನ್ನು ಠೇವಣಿಯಂತೆ ತಡೆಹಿಡಿಯುತ್ತೀರಾ, ಎಷ್ಟು ತಿಂಗಳು? ಹೊಸ ವ್ಯಾಪಾರಗಳಿಗೆ ಈ ಕೊನೆಯ ಷರತ್ತು ಹಾಕುವುದುಂಟು. ಮೊದಲೇ ಗೊತ್ತಿದ್ದರೆ ಬಂಡವಾಳವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ಕಾರ್ಡಿನ ಸಂಖ್ಯೆ ನಿಮ್ಮ ಪುಸ್ತಕಕ್ಕೆ ಬರಬಾರದು

ಫೋನಿನಲ್ಲಿ ಆರ್ಡರ್ ಕೊಡುವ ಗಿರಾಕಿ ಕಾರ್ಡಿನ ಸಂಖ್ಯೆ ಹೇಳತೊಡಗಿದರೆ ವಿನಯದಿಂದ ತಡೆಯಿರಿ. ಹಣ ಪಾವತಿಯ ಲಿಂಕ್ ಕಳುಹಿಸಿ, ಅವರೇ ತುಂಬಲಿ. ಅಮೆರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್, ಜೆಸಿಬಿ, ಮಾಸ್ಟರ್‌ಕಾರ್ಡ್ ಮತ್ತು ವೀಸಾ ಎಂಬ ಕಾರ್ಡ್ ಕಂಪನಿಗಳು ಸೇರಿ 2006ರಲ್ಲಿ ಕಟ್ಟಿದ ಕಾರ್ಡ್ ಮಾಹಿತಿ ಭದ್ರತಾ ಮಂಡಳಿಯ ನಿಯಮಗಳು ಕಾರ್ಡ್ ಸ್ವೀಕರಿಸುವ ಅತಿ ಸಣ್ಣ ವ್ಯಾಪಾರಿಗೂ ಅನ್ವಯಿಸುತ್ತವೆ. ವಹಿವಾಟಿಗೆ ಒಪ್ಪಿಗೆ ಸಿಕ್ಕ ಮೇಲೆ ಕಾರ್ಡಿನ ಹಿಂಬದಿಯ ಮೂರಂಕಿಯ ಗುಪ್ತಸಂಖ್ಯೆಯನ್ನು ವ್ಯಾಪಾರಿ ಎಲ್ಲಿಯೂ ಉಳಿಸಿಕೊಳ್ಳುವಂತಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದ ಚೀಟಿಯಲ್ಲಿಯೂ ಇರಬಾರದು. ಆನ್‌ಲೈನ್ ಮಾರಾಟವಾದರೆ ಪಾವತಿ ಕಂಪನಿಯ ಪುಟದಲ್ಲಿಯೇ ಗಿರಾಕಿ ವಿವರ ತುಂಬುವ ವ್ಯವಸ್ಥೆಯನ್ನು ಆರಿಸಿಕೊಳ್ಳಿ. ನಿಮ್ಮ ಬಳಿ ಇಲ್ಲದ ಮಾಹಿತಿಯನ್ನು ನಿಮ್ಮಿಂದ ಯಾರೂ ಕದಿಯಲಾರರು.

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ಕಂಪನಿಯಲ್ಲಿ, ವಾಹನದ ಬಿಡಿಭಾಗಗಳ ಲೆಕ್ಕ ಇಡುವುದಕ್ಕಾಗಿ. ಈಗ ಅದೇ ಚೌಕ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದೆ. ಅಗ್ಗ, ಸುಲಭ, ಅಪಾಯವೂ ಅಷ್ಟೇ ಸುಲಭ. ನಿಮ್ಮ ಚೀಟಿಯ ಮೇಲೆ ಬೇರೆಯವರು ತಮ್ಮದನ್ನು ಅಂಟಿಸಿ ಹೋದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಪ್ರತಿ ಬೆಳಿಗ್ಗೆ ಬೆರಳಿನಿಂದ ಅಂಚು ಸವರಿ ನೋಡಿ, ಒಮ್ಮೆ ಸ್ಕ್ಯಾನ್ ಮಾಡಿ ನಿಮ್ಮ ಹೆಸರೇ ಬರುತ್ತದೆಯೇ ಎಂದು ಪರೀಕ್ಷಿಸಿ. ಗಿರಾಕಿ ತೋರಿಸುವ ಮೊಬೈಲ್ ಪರದೆಯನ್ನು ನೋಡಿ ಸರಕು ಕೊಡಬೇಡಿ, ಅಂಥ ಚಿತ್ರವನ್ನು ಯಾರು ಬೇಕಾದರೂ ತಯಾರಿಸಬಹುದು. ನಿಮ್ಮ ಫೋನಿಗೇ ಸಂದೇಶ ಬರಲಿ.

ನಗದನ್ನು ಕೈಬಿಡಬೇಡಿ. ವಿದ್ಯುತ್ ಹೋದ ದಿನ, ಇಂಟರ್‌ನೆಟ್ ಕೈಕೊಟ್ಟ ದಿನ ವ್ಯಾಪಾರ ಉಳಿಸುವುದು ಅದೇ. ದಿನಾರಂಭಕ್ಕೆ ಗಲ್ಲಾಪೆಟ್ಟಿಗೆಯಲ್ಲಿ ಎಷ್ಟು ಚಿಲ್ಲರೆ ಇಟ್ಟಿರಿ ಎಂದು ಬರೆದಿಡಿ.

ತೆರೆಯುವ ಮುನ್ನ, ಆಮೇಲೆ ಪ್ರತಿ ಸಂಜೆ

ಅಂಗಡಿ ತೆರೆಯುವ ಒಂದು ವಾರ ಮೊದಲು ಮನೆಯವರೊಬ್ಬರ ಕಾರ್ಡಿನಿಂದ ಸಣ್ಣ ಮೊತ್ತವೊಂದನ್ನು ಪಾವತಿಸಿ ನೋಡಿ. ರಸೀದಿಯಲ್ಲಿ ಯಾವ ಹೆಸರು ಬಂತು, ಎಷ್ಟು ಕಡಿತವಾಯಿತು, ಎಂದು ಜಮೆಯಾಯಿತು ಎಂದು ಬರೆದುಕೊಳ್ಳಿ. ಇನ್ನೊಂದು ಪಾವತಿ ಮಾಡಿ ವಾಪಸು ಕೊಟ್ಟು ನೋಡಿ. ಮೊದಲ ಸಿಟ್ಟಿನ ಗಿರಾಕಿಯ ಎದುರು ನಿಂತು ‘ವಾಪಸು’ ಗುಂಡಿ ಎಲ್ಲಿದೆ ಎಂದು ಹುಡುಕುವ ಪಾಡು ಯಾರಿಗೂ ಬೇಡ.

ಪ್ರತಿ ವಹಿವಾಟಿನ ರಸೀದಿ, ಸರಕು ತಲುಪಿದ್ದಕ್ಕೆ ಸಹಿ ಅಥವಾ ಚಿತ್ರ ಜೋಪಾನವಾಗಿರಲಿ. ಗಿರಾಕಿ ಬ್ಯಾಂಕಿನಲ್ಲಿ ತಕರಾರು ಎತ್ತಿದರೆ ಉತ್ತರಿಸಲು ನಿಮಗೆ ಸಿಗುವುದು ಗೊತ್ತುಪಡಿಸಿದ ಕೆಲವೇ ದಿನ. ಸುಮ್ಮನಿದ್ದರೆ ಹಣ ಅವರಿಗೇ ಹೋಗುತ್ತದೆ.

ಸಂಜೆ ಬಾಗಿಲು ಹಾಕುವ ಮೊದಲು ಒಂದು ಸಾಲು ಬರೆಯಿರಿ: ಇಂದಿನ ಮಾರಾಟ, ನಗದು, ಕಾರ್ಡ್, ಕ್ಯೂಆರ್, ವಾಪಸು. ಬ್ಯಾಂಕಿಗೆ ಹಣ ಬಂದ ದಿನ ಅದೇ ಸಾಲಿನ ಮುಂದೆ ಜಮೆಯಾದ ಮೊತ್ತ ಮತ್ತು ಕಡಿತವಾದ ಶುಲ್ಕ ಸೇರಿಸಿ. ಎರಡನ್ನೂ ಕೂಡಿದಾಗ ಕಾರ್ಡ್ ಮಾರಾಟದ ಮೊತ್ತವೇ ಬರಬೇಕು. ಬರದಿದ್ದರೆ ಮರುದಿನ ಬೆಳಿಗ್ಗೆಯೇ ಫೋನ್ ಮಾಡಿ. ಒಂದು ದಿನದ ವ್ಯತ್ಯಾಸವನ್ನು ಹತ್ತು ನಿಮಿಷದಲ್ಲಿ ಹುಡುಕಬಹುದು, ಮೂರು ತಿಂಗಳಿನದನ್ನು ಹುಡುಕಲು ಒಂದು ವಾರವೂ ಸಾಲದು.